ತಟ್ಟಿದರೆ ಕೇಳಿಸಿತು ಎಂದರ್ಥ

ಮೂರನೇ ಮಹಡಿ. ಹದಿನಾಲ್ಕು ಪೆಟ್ಟಿಗೆ.
ಲಿಫ್ಟಿಲ್ಲ. ಮೆಟ್ಟಿಲ ತಿರುವಿನಲ್ಲಿ
ಪ್ರತಿ ಸಲವೂ ಗೋಡೆಗೊಂದು ಮೊಣಕೈ ಒಪ್ಪಿಸಿ
ಹೊತ್ತು ತಂದೆ.
ವೂಸ್ಟರಿನ ಈ ಮೂರಂತಸ್ತಿನ ಮರದ ಮನೆಗಳು
ಒಬ್ಬರ ಹೆಗಲ ಮೇಲೊಬ್ಬರು ಕೂತ ಸಂಸಾರಗಳು:
ಮೇಲಿನವನು ಕೆಮ್ಮಿದರೆ
ಕೆಳಗಿನವನು ಕಷಾಯ ಕಾಯಿಸಬೇಕು.

ಕೂಡಲೇ ಬಿಚ್ಚುವಂತಿಲ್ಲ.
ಎರಡು ದಿನ ಹಾಗೇ ಮಲಗಿರಬೇಕು ಹಲಗೆ,
ಕೋಣೆಯ ಬಿಸಿಗೆ, ತೇವಕ್ಕೆ ಒಗ್ಗಬೇಕು.
ಈ ಊರಿಗೆ ಒಗ್ಗಲು ನನಗೆ ಹಿಡಿದದ್ದು
ಹನ್ನೊಂದು ಚಳಿಗಾಲ.
ಹಲಗೆಯ ಮೇಲೆ ಹೊಟ್ಟೆಕಿಚ್ಚು.

ಅಷ್ಟರಲ್ಲಿ ಹಳೆಯ ಕಾರ್ಪೆಟ್ಟು ಕಿತ್ತೆ.
ಮೂಲೆಯನ್ನು ಇಕ್ಕಳದಲ್ಲಿ ಕಚ್ಚಿ ಎಳೆದರೆ
ಮೊಂಡು ಪ್ರಾಣಿಯ ಚರ್ಮ ಸುಲಿದಂತೆ ಬಂತು.
ಅಡಿಯಲ್ಲಿ ಹಿಟ್ಟಿನಂಥ ಧೂಳು, ಬೆಕ್ಕಿನ ಕೂದಲು,
ಎರಡು ಪೆನ್ನಿ, ಯಾರದೋ ಹಾಲುಹಲ್ಲು.
ಮತ್ತೆ, ಪೆನ್ಸಿಲ್ಲಿನಲ್ಲಿ, ಯಾವ ಕಾಲದ್ದೋ,
ಬಡಗಿಯೊಬ್ಬನ ಕೂಡುವ ಲೆಕ್ಕ.
ತಪ್ಪಾಗಿತ್ತು: ಹದಿನೇಳಲ್ಲ, ಹದಿನೆಂಟು.
ತಿದ್ದಲಿಲ್ಲ.
ಮನೆ ಬಿದ್ದಿಲ್ಲವಲ್ಲ.

ಆಗ ಹತ್ತಿ ಬಂದಳು ಕೆಳಗಿನ ಮನೆಯ ಲುಮ್ತೂರಿ.
ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿ,
ಹಗಲು ನಿದ್ದೆ, ಸಿಕ್ಕಷ್ಟು. ಕೈಯಲ್ಲಿ ಉದ್ದನೆಯ ಪೊರಕೆ.
"ಮಿಸ್ಟರ್ ಅಂಪೋನ್ಸಾ, ಕಾರ್ಪೆಟ್ಟು ಮೆತ್ತಗಿತ್ತು.
ಇನ್ನು ನನ್ನ ತಲೆಯ ಮೇಲೆ ಕುದುರೆಲಾಯವೋ?"
ಮಾಲೀಕ ಗೆದ್ವಿಲಾಸ್‌ಗೆ ಫೋನು ಹಚ್ಚಿದೆ.
ಎತ್ತಲಿಲ್ಲ, ಎಂದಿನಂತೆ.

ಸರಿ, ಪರೀಕ್ಷೆ ಮಾಡಿಬಿಡೋಣ, ಅಂದೆ.
ಇದು ಫೋಮು, ಇದು ರಬ್ಬರು, ಇದು ಕಾರ್ಕು.
ಒಂದೊಂದನ್ನೂ ಹಾಸಿ, ಮೇಲೆ ನಾಲ್ಕು ಹಲಗೆ ಜೋಡಿಸಿ
ನಾನು ನಡೆಯುತ್ತೇನೆ.
ನೀನು ಕೆಳಗೆ ಕೇಳುತ್ತಿರು.
ಕೇಳಿಸಿದರೆ ಪೊರಕೆಯ ಹಿಡಿಯಿಂದ ಸೂರಿಗೆ ತಟ್ಟು.

ಫೋಮು. ನಡೆದೆ.
ಟಕ್ ಟಕ್ ಟಕ್, ಹೆಜ್ಜೆ ಪೂರ್ತಿ ಊರುವ ಮೊದಲೇ.
ರಬ್ಬರು. ಒಂದೇ ಒಂದು ತಟ್ಟು, ಅನುಮಾನದ್ದು.
ಕಾರ್ಕು, ದಪ್ಪನೆಯದು, ಗೆದ್ವಿಲಾಸ್ ಬೆಲೆ ಕೇಳಿ ಎದೆ ಹಿಡಿದುಕೊಳ್ಳುವಂಥದು:
ನಡೆದೆ. ಏನಿಲ್ಲ.
ಬೂಟು ಹಾಕಿ ನಡೆದೆ. ಇಲ್ಲ.
ಪೆನ್ನಿ ಬೀಳಿಸಿದೆ, ಎರಡೂ. ಇಲ್ಲ.
ಕುಮಾಸಿಯಲ್ಲಿ ತಂಗಿಯ ಮದುವೆಗೆ ಕುಣಿದ ಹಾಗೆ
ಈ ಮೊಣಕಾಲು ಇಟ್ಟುಕೊಂಡು ಕುಣಿದೆ.
ಇಲ್ಲ.

ನಿಂತೆ.
ಕೇಳಿಸದಿದ್ದರೆ ಮೌನ, ಒಪ್ಪಿದೆ.
ಆದರೆ ನಿದ್ದೆ ಹೋಗಿದ್ದರೂ ಮೌನವೇ.
ಮುನಿಸಿಕೊಂಡು ಹೊರಟಿದ್ದರೂ ಮೌನವೇ.
ಈ ಲೆಕ್ಕದಲ್ಲೂ ಎಲ್ಲೋ ಒಂದು ಕಡಿಮೆ ಬಿತ್ತು.

ಮೆಟ್ಟಿಲಿಳಿದೆ. ಬಾಗಿಲು ತೆರೆದೇ ಇತ್ತು.
ಮಂಚದ ಮೇಲೆ ನಿಂತು, ಪೊರಕೆ ಎತ್ತಿ,
ಕತ್ತು ವಾಲಿಸಿ ಕಿವಿಗೊಟ್ಟಿದ್ದಾಳೆ.
ನನ್ನ ನೋಡಿ ಪಿಸುಗುಟ್ಟಿದಳು:
"ಇನ್ನೂ ಶುರು ಮಾಡಿಲ್ಲವೆ?"

ನಕ್ಕೆವು. ಅವಳು ಮೊದಲು ನಿಲ್ಲಿಸಿದಳು.
"ನಿನಗಿಂತ ಮೊದಲು ಅಲ್ಲೊಬ್ಬ ಮುದುಕನಿದ್ದ,
ಹೆಸರು ಗೊತ್ತಿಲ್ಲ.
ಬೆಳಗಿನ ಐದೂವರೆಗೆ ಏಳುತ್ತಿದ್ದ.
ಬಚ್ಚಲಿಗೆ ಹನ್ನೆರಡು ಹೆಜ್ಜೆ.
ನಾನು ಆಗಷ್ಟೇ ಕೆಲಸದಿಂದ ಬಂದು
ಶೂ ಬಿಚ್ಚುತ್ತ ಎಣಿಸುತ್ತಿದ್ದೆ, ಸುಮ್ಮನೆ.
ಒಂದು ದಿನ ಒಂಬತ್ತಕ್ಕೇ ನಿಂತವು.
ಆಂಬ್ಯುಲೆನ್ಸಿಗೆ ಫೋನು ಮಾಡಿದ್ದು ನಾನು."

ಮಂಚದಿಂದಿಳಿದು ಪೊರಕೆಯನ್ನು ಮೂಲೆಗೊರಗಿಸಿದಳು.
"ಕಾರ್ಕೇ ಹಾಕು," ಅಂದಳು.
ಸ್ವಲ್ಪ ಹೊತ್ತು ಬಿಟ್ಟು:
"ಬಚ್ಚಲ ಮುಂದೆ ಮಾತ್ರ ಫೋಮು."

ಮೂರನೇ ದಿನ ಹಾಸಿದೆ.
ಇದು ಓಕ್ ಮರವಲ್ಲ, ಓಕ್ ಮರದ ಫೋಟೋ;
ಆರು ಹಲಗೆಗೊಮ್ಮೆ ಅದೇ ಗಂಟು,
ಅದೇ ಹುಳು ಕೊರೆದ ತೂತು.
ಅವಳಿಗಳು ಅಕ್ಕಪಕ್ಕ ಬಾರದಂತೆ ಕಲೆಸಿ ಕಲೆಸಿ ಇಟ್ಟೆ.
ಗೋಡೆಯುದ್ದಕ್ಕೂ ಕಿರುಬೆರಳಷ್ಟು ಜಾಗ ಬಿಟ್ಟೆ,
ಬೇಸಿಗೆಯಲ್ಲಿ ಹಿಗ್ಗುವುದಕ್ಕೆ.
ಬಚ್ಚಲ ಮುಂದೆ ಎತ್ತರ ಸಮವಾಗಲೆಂದು
ಫೋಮು ಎರಡು ಪದರ ಆಯಿತು.
ಹಾಲುಹಲ್ಲನ್ನು ಲೆಕ್ಕದ ಪಕ್ಕದಲ್ಲೇ ಬಿಟ್ಟು ಮುಚ್ಚಿದೆ.

ಬಿಲ್ಲು ಬರೆದೆ:
ಕಾರ್ಕು ಇನ್ನೂರ ಅರವತ್ತು ಚದರಡಿ. ಫೋಮು ಹನ್ನೆರಡು.
ಆಗ ಮಾತ್ರ ತಾನಾಗಿ ಫೋನು ಮಾಡಿದ ಗೆದ್ವಿಲಾಸ್.
ಕಾರ್ಕಿನ ಬಗ್ಗೆ ಕೂಗಾಡಿ ಮುಗಿಸಿ ಕೇಳಿದ,
ಇದೇನು ಹನ್ನೆರಡು?

ತುಂಡು ಉಳಿದಿತ್ತು, ಹಾಕಿಬಿಟ್ಟೆ, ಅಂದೆ.