ಪಾವತಿ

ಗದಗ-ಬೆಟಗೇರಿಯ ಅರ್ಧ ಅಂಗಡಿಗಳ ಪಾವತಿ ಪುಸ್ತಕ
ನನ್ನ ಟ್ರೆಡಲ್ ಮಷೀನಿನಿಂದನ ಹೊಂಟಾವು, ಪರಶುರಾಮಸಾ.
ನಂಬರ್ ಹೊಡದು, ತೂತಿನ ಸಾಲು ಹಾಕಿ,
ಬಿಳಿ ಕೆಳಗ ಗುಲಾಬಿ, ಗುಲಾಬಿ ಕೆಳಗ ಹಳದಿ,
ಮೂವತ್ತೊಂದು ವರ್ಷ ಒಂದು ಹಾಳಿ ಹೆಚ್ಚುಕಡಿಮಿ ಇಲ್ಲ.
ನನ್ನ ಲೆಕ್ಕ ಮಾತ್ರ
ಕಟಿಂಗ್ ಚೂರು ತುಂಬೋ ಗೋಣಿಚೀಲದಾಗ.

ನಿಂದೂ ಹಂಗ ಐತಿ ಅಂತ ಗೊತ್ತು, ಅದಕ್ಕ ಹೇಳಾಕತ್ತೇನಿ.
ಚಹಾ ಆರತೈತಿ, ಕುಡಿ.

ದಂಡಕ್ಕ ಹೆದರಿ ರಿಟರ್ನ್ ತುಂಬಲಿಲ್ಲ ಅಂತಾರ ಮಂದಿ.
ದಂಡ ಅಲ್ಲೋ.
ಆ ವರ್ಷದ ಏಪ್ರಿಲ್, ಮೇ ನೆನಪೈತೇನು?
ಲಗ್ನಪತ್ರಿಕಿ ಬ್ಲಾಕಿನ ಗಣಪತಿ ಧೂಳು ತಿಂತಿದ್ದ.
ಅರ್ಧ ಎತ್ತಿದ ಶಟರ್ ಕೆಳಗ ಕೈ ಅಷ್ಟ ಕಾಣತಿದ್ವು,
ಕೈಯಾಗ ಚೀಟಿ:
ಹೆಸರು, ವಯಸ್ಸು, ಲಿಂಗೈಕ್ಯ, ವೈಕುಂಠವಾಸಿ, ದೈವಾಧೀನ.
ಸಂಜಿಗೆ ಬೇಕರಿ, ಅರ್ಜೆಂಟ್.
ಕಪ್ಪು ಅಂಚಿನ ಚೌಕಟ್ಟು ಬಿಚ್ಚಾಕ ಪುರಸೊತ್ತಿಲ್ಲ,
ಒಂದ ಚೌಕಟ್ಟಿನಾಗ ಮೂರು ಮನಿ ಹೋದ್ವು.
ನಮ್ಮ ಕಂಪೋಜಿಟರ್ ಫಕೀರಪ್ಪಂದೂ ನಾನ ಮೊಳಿ ಜೋಡಿಸಿದೆ.
ಅವ ಇದ್ದಿದ್ರ
'ಫ' ಯಾವ ಖಾನ್ಯಾಗ ಐತಿ ಅಂತ ಹುಡುಕಬೇಕಿದ್ದಿಲ್ಲ.

ದಿನಾ ರಾತ್ರಿ ಗಲ್ಲಾ ತುಂಬಿರತಿತ್ತು.
ಅಂಥಾ ಗಳಿಕಿ ಯಾವ ವರ್ಷನೂ ಕಂಡಿದ್ದಿಲ್ಲ.
ಅದನ್ನ ಕೂಡಿಸಿ ಒಂದು ಮೊತ್ತ ಬರಿ ಅಂದ್ರ
ಯಾವ ಕೈಲೆ ಬರೀಲಿ?
ಚೀಲದ ಬಾಯಿ ಹೊಲದೆ.
ಮರು ವರ್ಷ, ಹಿಂದಿಂದ ಆಗಿಲ್ಲ, ಇದನ್ನೇನು ತುಂಬೋದು ಅಂದೆ.
ಅದರ ಮರು ವರ್ಷ ಅನ್ನೋದೂ ಬಿಟ್ಟೆ.

ಹುಬ್ಬಳ್ಯಾಗ ಒಂದು ಹಳೇ ಆಫ್‌ಸೆಟ್ ಮಷೀನ್ ಮಾರಾಟಕ್ಕಿತ್ತು.
ಬ್ಯಾಂಕಿನವರು ಮೂರು ವರ್ಷದ ರಿಟರ್ನ್ ಕೇಳಿದ್ರು.
"ಕಾಗದದ ಮ್ಯಾಲ ನೀವು ಇಲ್ಲೇ ಇಲ್ಲಲ್ರಿ" ಅಂದ ಮ್ಯಾನೇಜರ್.
ನನ್ನ ಬೆರಳ ಸಂದ್ಯಾಗ ಇನ್ನೂ ಮಸಿ ಇತ್ತು.

ಮುಳಗುಂದ ನಾಕಾದ ಮ್ಯಾಲಿನ ಮಹಡಿ, ತೇಜಸ್ವಿನಿ ಕಲ್ಲಿಗನೂರ,
ನನ್ನ ಮಗಳ ವಯಸ್ಸು. ಬೈತಾಳ ಅಂದ್ಕೊಂಡಿದ್ದೆ.
ಚೀಲ ಸುರುವಿ, ಫ್ಯಾನ್ ಬಂದ್ ಮಾಡಿ,
ಚಾಪಿ ಮ್ಯಾಲ ಕುಂತು ವರ್ಷ ವರ್ಷ ಬ್ಯಾರೆ ಮಾಡಿದ್ಲು.
"ಕಾಲೇಜಿನವರು ನಿಮ್ಮ ಬಿಲ್ಲಿನಾಗ ಏಳು ಸಾವಿರ ಹಿಡದಾರ.
ನಿಮ್ದ ರೊಕ್ಕರಿ ಅದು. ವ್ಯಾಳ್ಯಾಕ್ಕ ತುಂಬಿದ್ರ ಹೊಳ್ಳಿ ಬರತಿತ್ತು,
ಈಗ ಕೇಳೋ ತಾರೀಖು ದಾಟೇತಿ."
ತೆರಿಗಿ, ತೆರಿಗಿ ಮ್ಯಾಲ ಬಡ್ಡಿ, ತಡ ಆಗಿದ್ದಕ್ಕ ಮತ್ತಷ್ಟು.
"ಇನ್ನೊಂದು ವರ್ಷ ಕುಂತ್ರ ಇದರಕಿಂತ ಹೆಚ್ಚರಿ" ಅಂದ್ಲು,
ಹವಾಮಾನ ಹೇಳಿದಂಗ.

ಆಮ್ಯಾಲ ಒಂದು ಹಾಳಿ ಹಿಡದು ಸುಮ್ಮನಾದ್ಲು.
ಕಪ್ಪು ಅಂಚಿಂದು. ಹಿಂದ ಪೆನ್ಸಿಲ್‌ಲೆ ನಾನ ಬರದಿದ್ದು: ನೂರು ಪ್ರತಿ, ಆರುನೂರು ರೂಪಾಯಿ.
"ನಮ್ಮ ಕಾಕಾಂದಿದು."
ನಾ ಎದ್ದು ನಿಂತೆ. ಏನು ಅನ್ನಲಿ?
ಇದನ್ನ ಬಿಡವಾ, ಇದೊಂದು ಬರೀಬ್ಯಾಡ ಅಂದೆ.
"ಬರೀಬೇಕ್ರಿ. ಬರೀಲಿಲ್ಲಂದ್ರ
ಅವತ್ತ ನಾವ್ಯಾರೂ ನಿಮ್ಮ ಅಂಗಡಿಗೆ ಬಂದ ಇಲ್ಲ ಅಂತಾತು."
ಆರುನೂರು ಅಂತ ಒತ್ತಿದ್ಲು, ಮುಂದಿನ ಹಾಳಿ ತಗೊಂಡ್ಲು.

ಹೆಂಡ್ತಿ ಬಿಲವಾರದ ರೊಕ್ಕ ಹೋತು, ಸುಳ್ಳ ಯಾಕ ಹೇಳಲಿ.
ಮಷೀನೂ ಅಷ್ಟೊತ್ತಿಗೆ ಮತ್ತೊಬ್ಬನ ಪಾಲಾಗಿತ್ತು.
ಆದರ ಫೋನಿಗೆ ಓಟಿಪಿ ಬಂತು, ಓದಿ ಹೇಳಿದೆ,
ಪ್ರಿಂಟರ್ ಸರ್ ಅಂತ ಒಂದೊಂದ ಹಾಳಿ ಉಗುಳತು:
ತುಕಾರಾಮಸಾ ನಾರಾಯಣಸಾ ಬದ್ದಿ, ಮೂರು ಸಲ,
ಹದಿನೈದು ಅಂಕಿ ಪಾವತಿ ನಂಬರ್.
ಅಚ್ಚು ಛಲೋ ಇಲ್ಲ. ಎಡಕ್ಕ ಅಂಚು ಸಾಲದು. ನಾನಾಗಿದ್ರ ಹೊಳ್ಳಿ ಹೊಡೀತಿದ್ದೆ.

ಫಕೀರಪ್ಪನ 'ಫ' ಖಾನ್ಯಾಗ ಮಡಚಿ ಇಟ್ಟೇನಿ.
ಅವತ್ತಿಂದ ಚೀಲ ಖಾಲಿ, ಬರೇ ಚೂರು ತುಂಬತೇನಿ.

ನೀ ನಾಳೆ ನಿನ್ನ ಚೀಲ ತಗೊಂಡ ಬಾ.
ಕತ್ತರಿ ನನ್ನ ಕಡೆ ಐತಿ.