ಕೂದಲೆಳೆಯಷ್ಟು

ಮಂಡಿಪೇಟೆಯ ಹಿಂದಿನ ಸಂದಿಯಲ್ಲಿ
ಒಂದೂವರೆ ಮಳಿಗೆಯ ನಮ್ಮ ಪ್ರೆಸ್ಸು.
ಆ ಅರ್ಧ ನನ್ನದು: ಒಂದು ಕಂಪ್ಯೂಟರು, ಗರಗರ ಫ್ಯಾನು,
ಗಾಜಿನ ಮೇಜು, ಗಾಜಿನಡಿ ಮಾದರಿ ಲಗ್ನಪತ್ರಿಕೆ ಹನ್ನೆರಡು,
ಮತ್ತೆ, ಹೋದ ವಾರ ತಂದ ಹೊಸ ಮೌಸು.

ಹಳೆಯದು ಎಮ್ಮೆ. ಹೊಟ್ಟೆಯಲ್ಲಿ ಗುಂಡು.
ಗುಂಡಿಗಂಟಿದ ಕೊಳೆ ವಾರಕ್ಕೊಮ್ಮೆ ಉಗುರಲ್ಲಿ ಕೆರೆದರೆ
ದೂಡಿದಷ್ಟೇ ನಡೆದು, ಬಿಟ್ಟಲ್ಲೇ ನಿಲ್ಲುತ್ತಿತ್ತು.
ಇದಕ್ಕೋ, ಹೊಟ್ಟೆಯಲ್ಲೊಂದು ಕೆಂಪು ಕಣ್ಣು.
ಉಸಿರು ತಾಕಿದರೆ ಓಟ.
ನಾನು ಕೆಮ್ಮಿದರೆ ವರನ ಹೆಸರು
ವಧುವಿನ ಸೋದರಮಾವನ ತಲೆಯೇರುತ್ತದೆ.
ಮಂಡಕ್ಕಿ ಮೂಟೆಯ ಲಾರಿ ಬೀದಿಯಲ್ಲಿ ಹಾದರೆ ಸಾಕು,
ಗಣಪತಿ ಎಡಕ್ಕೆ ಜರುಗಿ
ಸೊಂಡಿಲು ಬಾರ್ಡರಿನಾಚೆ.

ಕೊಟ್ರಬಸಪ್ಪನವರು ನಗುತ್ತಾರೆ.
ಮೂವತ್ತು ವರ್ಷ ಸೀಸದ ಮೊಳೆ ಜೋಡಿಸಿದ ಕೈ,
ಹೆಬ್ಬೆರಳ ತುದಿ ಈಗಲೂ ಕಪ್ಪು.
"ನಮ್ಮ ಅಕ್ಷರಕ್ಕೆ ತೂಕ ಇತ್ತವ್ವಾ.
ಕುಂದ್ರು ಅಂದ್ರೆ ಕುಂದ್ರತಿದ್ವು.
ಒಮ್ಮೆ ದಾರ ಬಿಗಿದ್ವಿ ಅಂದ್ರೆ
ಒಂದು ಒತ್ತಕ್ಷರ ಅಲ್ಲಾಡ್ತಿರಲಿಲ್ಲ."

ವೇಗ ತಗ್ಗಿಸುವ ಗೀಟು ಇದೆಯಂತೆ, ಎಳೆಯಲು ಹೋದೆ.
ಅದನ್ನೂ ಇದೇ ಮೌಸು ಎಳೆಯಬೇಕಲ್ಲ,
ಎಡಕ್ಕೆಂದರೆ ಬಲತುದಿಗೆ ಹೋಗಿ ಕೂತಿತು.
ಅಪ್ಪ ಮಿಲ್ಲು ಮುಚ್ಚಿದ ದಿನ ತಂದಿದ್ದ ಕೋರಾ ಬಟ್ಟೆ
ಮಡಚಿ ಹಾಸಿದೆ. ನೂಲಿನ ಗಂಟೆಣಿಸುತ್ತ
ಇನ್ನೂ ಕುಣಿಯಿತು.

ಇಷ್ಟರಲ್ಲಿ ಐನೂರು ಪ್ರತಿ
ಆನಗೋಡಿಗೆ ಹೋಗಿಬಿಟ್ಟಿತ್ತು.

ಎರಡು ದಿನಕ್ಕೆ ಬಂದರು ಮಹಾರುದ್ರಪ್ಪನವರು.
ಗಾಜಿನ ಮೇಲೆ ಪತ್ರಿಕೆಯಿಟ್ಟು, ಬೆರಳಿಟ್ಟರು.
ಸಣ್ಣ ಅಳತೆಯಲ್ಲಿ ಬೇರೆಯಾಗಿ ಕೂರಿಸಿದ್ದ 'ದಿ||'
ಅಣ್ಣ ಗುರುಸಿದ್ದಪ್ಪನವರ ಹೆಸರು ಬಿಟ್ಟು
ಒಂದು ಸಾಲು ಕೆಳಗಿಳಿದು
ಇವರ ಹೆಸರಿನ ಮುಂದೆ ನಿಂತಿತ್ತು,
ಅಳತೆಗೆ ಸರಿಯಾಗಿ, ಅಲ್ಲೇ ಹುಟ್ಟಿದ ಹಾಗೆ.

"ಬಸ್ಸಿನಾಗ ಪೂರಾ ಟಿಕೀಟು ತಗೊಂಡು ಬಂದೀನವ್ವ,
ಸತ್ತೋರಿಗೆ ಅರ್ಧಾನೂ ಇಲ್ಲಂತೆ."
ನನ್ನ ನಾಲಿಗೆ ಒಣಗಿತು.
ಕೊಟ್ರಬಸಪ್ಪನವರು ಎದ್ದು ನಿಂತರು.
ಮರುಮುದ್ರಣ ನಮ್ಮ ಖರ್ಚು ಎಂದು
ಚಹಾದ ಎರಡನೇ ಗುಟುಕಿಗೇ ತೀರ್ಮಾನವಾಯಿತು.

ಹೊಸ್ತಿಲಾಚೆ ಚಪ್ಪಲಿ ಬಿಟ್ಟು ನಿಂತಿದ್ದವರು ಅತ್ತಿಗೆ.
ಒಳಗೆ ಬಂದು, ಪತ್ರಿಕೆಯ ಮೇಲೆ ಬೆರಳೆಳೆದು
ಅಕ್ಷರ ಅಕ್ಷರ ಕೂಡಿಸಿ ಓದಿದರು.
"ಇದರಾಗ ನಮ್ಮನೇರಿಗೆ ಅದು ಹಾಕಿಲ್ಲಲ್ಲ?"
ಇಲ್ಲಮ್ಮ, ನನ್ನ ತಪ್ಪು, ಎಂದೆ.
"ಇದೊಂದು ನಂಗಿರಲಿ."

"ನಾನು ಸತ್ತಿರೋ ಪತ್ರಿಕೆ ಇಟ್ಕಂತೀಯೇನು ಅತ್ತಿಗೇ?"
"ನೀ ಎದುರಿಗೇ ಅದೀಯಲ್ಲಪ್ಪ" ಅಂದವರೇ
ಎರಡು ಮಡಿಕೆ ಮಡಚಿ
ಕೈಚೀಲದೊಳಗೆ, ಕನ್ನಡಕದ ಡಬ್ಬಿಯ ಕೆಳಗೆ.
ಮಹಾರುದ್ರಪ್ಪನವರು ಸುಮ್ಮನೆ ಫ್ಯಾನು ನೋಡಿದರು.
ಚಹಾ ಆರಿತು.

ಸಂಜೆ, ಉಳಿದ ರಾಶಿಯಿಂದ ಒಂದೆತ್ತಿ
ಬೆನ್ನು ಮೇಲಾಗಿ ಗಾಜಿನ ಮೇಲಿಟ್ಟೆ.
ಏನೂ ಬರೆಯದ ಆ ಬಿಳಿಯ ಮೇಲೆ ಮೌಸು
ಮೊದಲ ಬಾರಿ ಹೇಳಿದ್ದು ಕೇಳಿತು:
ಮೆತ್ತಗೆ ಹೋಗಿ 'ದಿ||' ಹಿಡಿದು ನಿಂತಿತು.

ಎತ್ತುವ ಕೆಲಸ ಮಾತ್ರ ಅದಕ್ಕೆ ಬಿಡಲಿಲ್ಲ.
ಬಾಣದ ಕೀಲಿ, ಒಂದೊಂದೇ ಕೂದಲೆಳೆ,
ಬಾಣಂತಿ ನಡೆದ ಹಾಗೆ.
ಹನ್ನೊಂದು ಸಲ ಒತ್ತಬೇಕಿತ್ತು.
ಹತ್ತಕ್ಕೆ ಬೆರಳು ನಿಂತಿತು.

ಎರಡು ಹೆಸರಿಗೂ ಅಂಟದೆ
ಅದು ನಡುವೆ ನೇತಾಡುತ್ತಿತ್ತು.
"ಒತ್ತವ್ವಾ" ಅಂದರು ಕೊಟ್ರಬಸಪ್ಪನವರು
ಬೆನ್ನ ಹಿಂದಿನಿಂದ, ಮೆಲ್ಲಗೆ,
"ಆರಕ್ಕೆ ಕರೆಂಟು ಹೋಗ್ತೈತಿ."