ಹೊಳಿದಂಡಿ ಬಾಡಿಗಿ ಮನಿ

ಕೀಲಿ ಕೊಡೂ ಮುಂದ ನಾ ಹೇಳೂದು ಮೂರ ಮಾತು:
ಗೀಸರ್ ಹತ್ತ ನಿಮಿಷ, ಮಂಗ್ಯಾ ಬರತಾವ ಕಿಡಕಿ ಹಾಕ್ರಿ,
ಕತ್ತಲಾದಮ್ಯಾಲ ಹೊಳಿಗೆ ಇಳೀಬ್ಯಾಡ್ರಿ.

ನೋಟಕ್ಕ ಬ್ಯಾರೆ ರೊಕ್ಕ. ಮಾಲಕರ ಲೆಕ್ಕ ಅದು.
ಕುಮಾರಪಟ್ಟಣದ ಈ ದಂಡಿಗೆ ನಿಂತರ
ತುಂಗಭದ್ರಾ ಆಚಿ ಹರಿಹರ ಪ್ಯಾಟಿ:
ಸೇತುವಿ, ನೀರಿನ ಟಾಕಿ, ಮಸೂತಿ ಮಿನಾರು.
ಸಂಜೀಕ ಒಂದೊಂದ ದೀಪ ಹತ್ತಿದಂಗ
ಬಾಲ್ಕನ್ಯಾಗ ಫೋನು ಮ್ಯಾಲೇಳತಾವ.

ಟಾಕಿ ಎಡಕ್ಕ, ತಗ್ಗಿನ್ಯಾಗ, ಒಂದು ಹಳದಿ ಬಲ್ಬು.
ಅದು ನಮ್ಮನಿ.
ಯಾರಿಗೂ ಹೇಳಿಲ್ಲ.
ಹೇಳಿದ್ರ ಅದಕ್ಕೂ ದರ ಹಚ್ಚಿಯಾರು.

ನಿನ್ನೆ ಗದಗಿನ ಹೊಸ ಮದಲಗಿತ್ತಿ ಕೇಳಿದ್ಲು:
“ಅಕ್ಕಾ, ಅಲ್ಲೊಂದು ದೀಪ
ಆರತೈತಿ, ಹತ್ತತೈತಿ, ಯಾಕ?”
ವೈರಿಂಗ್ ಲೂಜ್ ಇರಬೇಕವ್ವಾ, ಅಂದೆ,
ಚಾದರ ಝಾಡಿಸ್ಕೋತ.

ಅನ್ನ ಆಗೇತಿ, ಬಾ, ಅಂತಾನ ನಮ್ಮ ಫಕ್ಕೀರಪ್ಪ.

ಹೊಂಡೂ ಮುಂದ ಬಾಲ್ಕನಿ ಸ್ವಿಚ್ಚು
ಎರಡ ಸಲ ಒತ್ತಿದೆ.